ಮೋಡ ಆಗ್ಯಾದ, ಮಳಿ ಎಲ್ಲ್ಯಾದ?

ಆಗಸ್ಟ್ ಹೊತ್ತಿಗೆ ಶಹಾಬಾದ, ವಾಡಿ, ಚಿತ್ತಾಪುರದ ಕಡೆ ಈ ಮಾತು ಪ್ರತಿ ಕಟ್ಟೆಯ ಮೇಲೂ ಕೇಳುತ್ತದೆ. ಬೆಳಗಿನಿಂದ ಮುಗಿಲು ಮುಚ್ಚಿಕೊಂಡಿರುತ್ತದೆ, ತೊಗರಿ ಹೊಲದ ಎರೆ ಬಿರಿಯುತ್ತಿರುತ್ತದೆ. ಸಂಜೆಗೆ ಮೋಡ ತೆಲಂಗಾಣದ ದಾರಿ ಹಿಡಿಯುತ್ತದೆ. ಅದರಲ್ಲಿ ನೀರಿರಲಿಲ್ಲ ಎಂದಲ್ಲ. ನೀರಿತ್ತು, ಬೀಳುವಷ್ಟು ದಪ್ಪ ಹನಿ ಇರಲಿಲ್ಲ.

ಗಾಳಿ ಮೇಲೇರಿ ತಣ್ಣಗಾದಾಗ ಅದರಲ್ಲಿರುವ ಆವಿ ನೀರಾಗಲು ಕೂರುವ ಜಾಗ ಹುಡುಕುತ್ತದೆ. ಸಮುದ್ರದ ಉಪ್ಪಿನ ಕಣವೋ, ಹೊಗೆಯೋ, ದೂಳೋ ಸಿಕ್ಕರೆ ಅದರ ಮೇಲೆ ಕೂರುತ್ತದೆ. ಹೀಗೆ ಹುಟ್ಟಿದ ಹನಿಯ ಅಡ್ಡಳತೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ. ಅದು ಬೀಳುವುದು ಸೆಕೆಂಡಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರ್. ಕೆಳಗಿನಿಂದ ಏಳುವ ಗಾಳಿಗೆ ಅದನ್ನು ತಡೆದು ನಿಲ್ಲಿಸುವುದು ಏನೇನೂ ಕಷ್ಟವಲ್ಲ. ಎರಡು ಮಿಲಿಮೀಟರಿನ ಒಂದು ಮಳೆಹನಿಗೆ ಇಂಥವು ಸುಮಾರು ಹತ್ತು ಲಕ್ಷ ಕೂಡಬೇಕು. ಬರೀ ಆವಿ ಮೆತ್ತಿಕೊಂಡು ಅಷ್ಟು ಬೆಳೆಯಲು ದಿನಗಳೇ ಬೇಕು. ಮೋಡಕ್ಕೆ ಅಷ್ಟು ಆಯುಷ್ಯ ಇರುವುದಿಲ್ಲ.

ಹಾಗಾಗಿ ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು. ದೊಡ್ಡದು ಬೇಗ ಇಳಿಯುತ್ತ ಸಣ್ಣದನ್ನು ನುಂಗುತ್ತದೆ. ಎಲ್ಲವೂ ಒಂದೇ ಗಾತ್ರದವಾದರೆ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಗಾಳಿಯಲ್ಲಿ ಹೊಗೆ ಹೆಚ್ಚಾದಾಗ ಆಗುವುದು ಇದೇ: ಅಷ್ಟೇ ನೀರು ಇನ್ನಷ್ಟು ಕಣಗಳಿಗೆ ಹಂಚಿಹೋಗಿ ಹನಿಗಳೆಲ್ಲ ಸಣ್ಣವಾಗಿಯೇ ಉಳಿಯುತ್ತವೆ. ಸಿಮೆಂಟ್ ಚಿಮಣಿ ಕಂಡ ಊರಿನವರು ತಕ್ಷಣ ಆ ಕಡೆ ಬೊಟ್ಟು ಮಾಡಬಹುದು. ಆದರೆ ಮೋಡ ಬಳಸುವ ಕಣಗಳು ನೂರಾರು ಕಿಲೋಮೀಟರ್ ದೂರದಿಂದಲೂ ಬಂದಿರುತ್ತವೆ. ಬಾರದ ಮಳೆಯನ್ನು ಒಂದು ಚಿಮಣಿಯ ಲೆಕ್ಕಕ್ಕೆ ಬರೆಯಲಾಗದು.

ಇನ್ನೊಂದು ದಾರಿ ಹಿಮದ್ದು. ಶಹಾಬಾದದಲ್ಲಿ ಹಿಮ ಬೀಳುವುದಿಲ್ಲ ಎನ್ನುವುದು ಅರ್ಧ ನಿಜ. ಮಳೆಗಾಲದಲ್ಲಿ ಇಲ್ಲಿಂದ ಸುಮಾರು ಐದು ಕಿಲೋಮೀಟರ್ ಮೇಲೆ ಉಷ್ಣಾಂಶ ಸೊನ್ನೆಗಿಂತ ಕೆಳಗಿರುತ್ತದೆ. ವಿಚಿತ್ರವೆಂದರೆ ಅಲ್ಲಿಯೂ ಬಹಳಷ್ಟು ಹನಿಗಳು ಹೆಪ್ಪುಗಟ್ಟದೆ ನೀರಾಗಿಯೇ ಇರುತ್ತವೆ. 1922ರ ಚಳಿಗಾಲದಲ್ಲಿ ನಾರ್ವೆಯ ಓಸ್ಲೋ ಬಳಿಯ ಗುಡ್ಡದಲ್ಲಿ ತಂಗಿದ್ದ ಸ್ವೀಡನ್ನಿನ ಹವಾಮಾನ ವಿಜ್ಞಾನಿ ಟೋರ್ ಬೆರ್ಗೆರಾನ್ ಒಂದು ಸಂಗತಿ ಗಮನಿಸಿದರು. ಉಷ್ಣಾಂಶ ಸೊನ್ನೆಯ ಮೇಲಿದ್ದಾಗ ಮರಗಳ ನಡುವಿನ ದಾರಿಯಲ್ಲಿ ನೆಲ ಮುಟ್ಟುವಂತೆ ಮಂಜು. ಸೊನ್ನೆಗಿಂತ ಸಾಕಷ್ಟು ಕೆಳಗಿಳಿದ ದಿನ ಅದೇ ದಾರಿ ತಿಳಿ. ಕೊಂಬೆಗಳಿಗೆ ಹಿಡಿದ ಹಿಮ ಸುತ್ತಲಿನ ಆವಿಯನ್ನು ಎಳೆದುಕೊಳ್ಳುತ್ತಿತ್ತು, ಮಂಜಿನ ಹನಿ ಆವಿಯಾಗುತ್ತಿತ್ತು. ಮೋಡದೊಳಗೂ ಇದೇ ನಡೆಯುತ್ತದೆ. ಒಂದು ಹಿಮಹರಳು ಸುತ್ತಲಿನ ಹನಿಗಳ ಖರ್ಚಿನಲ್ಲಿ ದಪ್ಪಗಾಗಿ ಇಳಿಯುತ್ತದೆ, ದಾರಿಯಲ್ಲಿ ಕರಗುತ್ತದೆ. ಸೇಡಂ, ಚಿಂಚೋಳಿಯಲ್ಲಿ ಗುಡುಗಿ ಸುರಿಯುವ ಮಳೆಯ ಎಷ್ಟೋ ಹನಿಗಳು ಮೇಲೆ ಹಿಮವಾಗಿದ್ದವೇ.

ಕರಗಲು ಪುರಸೊತ್ತು ಸಿಗದಿದ್ದರೆ ಆಣೆಕಲ್ಲು. ಮಾರ್ಚ್, ಏಪ್ರಿಲ್‌ನಲ್ಲಿ ಕಾದ ನೆಲದಿಂದ ಜೋರಾಗಿ ಏಳುವ ಗಾಳಿ ಹಿಮದ ಉಂಡೆಯನ್ನು ಕೆಳಗಿಳಿಯಲು ಬಿಡುವುದಿಲ್ಲ. ಉಂಡೆಗೆ ತಣ್ಣನೆಯ ಹನಿಗಳು ಅಂಟಿ ಅಂಟಿ ಹೆಪ್ಪುಗಟ್ಟುತ್ತವೆ. ಒಂದನ್ನು ಆರಿಸಿ ಅಡ್ಡಲಾಗಿ ಒಡೆದು ನೋಡಿ: ಬಿಳಿ ಸುತ್ತು, ಗಾಜಿನಂಥ ಸುತ್ತು, ಮತ್ತೆ ಬಿಳಿ. ಹನಿ ತಟ್ಟನೆ ಹೆಪ್ಪಾದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಬಿಳಿ, ನಿಧಾನವಾಗಿ ಹೆಪ್ಪಾದರೆ ತಿಳಿ. 2014ರ ಫೆಬ್ರುವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಕಲಬುರಗಿ, ಬೀದರ, ವಿಜಯಪುರ ಹಾಗೂ ಪಕ್ಕದ ಮರಾಠವಾಡದ ಬೆಳೆಯನ್ನು ಇಂಥ ಕಲ್ಲುಗಳೇ ನೆಲಕ್ಕೆ ಹಾಸಿದವು.

ಹನಿಯ ಗಾತ್ರ ನೋಡಲು ಫರಸಿ ಕಲ್ಲಿಗಿಂತ ಒಳ್ಳೆಯ ಹಲಗೆ ಇಲ್ಲ. ಬಿಸಿಲಿಗೆ ಕಾದ ಹಾಸಿನ ಮೇಲೆ ಮಳೆಯ ಮೊದಲ ಹನಿಗಳು ಟಪ್ಪೆಂದು ಬಿದ್ದು ರೂಪಾಯಿಯಗಲ ಕಲೆ ಮಾಡುತ್ತವೆ, ದೂರದೂರ. ಸಣ್ಣವು ಬರುವುದು ಆಮೇಲೆ. ದಪ್ಪ ಹನಿ ಸೆಕೆಂಡಿಗೆ ಎಂಟೊಂಬತ್ತು ಮೀಟರ್ ವೇಗದಲ್ಲಿ ಮೊದಲು ಮುಟ್ಟುತ್ತದೆ. ಸಣ್ಣದು ಹಿಂದೆ ಉಳಿಯುತ್ತದೆ ಅಥವಾ ಒಣ ಗಾಳಿಯಲ್ಲಿ ನಡುದಾರಿಯಲ್ಲೇ ಆವಿಯಾಗುತ್ತದೆ. ದೂರದಲ್ಲಿ ಮೋಡದಿಂದ ಬೂದು ಎಳೆಗಳು ಜೋತುಬಿದ್ದು ನೆಲ ಮುಟ್ಟದೆ ನಿಂತದ್ದು ಕಂಡರೆ ಅದು ಹಾಗೆ ಆವಿಯಾಗುತ್ತಿರುವ ಮಳೆ.

ಸಹ್ಯಾದ್ರಿಯ ಗೋಡೆಗೆ ನೀರಿಳಿಸಿ ಬಂದ ಗಾಳಿ ನಮ್ಮ ಪಾಲಿನದು. ಜೋರು ಮಳೆ ಬೇಕೆಂದರೆ ಹೆಚ್ಚಾಗಿ ಪೂರ್ವದಿಂದ, ಬಂಗಾಳ ಕೊಲ್ಲಿಯಿಂದ ಬರಬೇಕು. ಬಂದರೆ ಹೇಗೆ ಎಂಬುದನ್ನು 2020ರ ಅಕ್ಟೋಬರ್ ತೋರಿಸಿತು. ಕಾಕಿನಾಡದ ಬಳಿ 13ರಂದು ದಡ ಸೇರಿದ ವಾಯುಭಾರ ಕುಸಿತ ಹೈದರಾಬಾದನ್ನು ಮುಳುಗಿಸಿ ಇತ್ತ ತಿರುಗಿತು. ಚಿತ್ತಿ ಮಳೆ ಅದು. ಕಾಗಿಣಾ ಉಕ್ಕಿತು, ಮಳಖೇಡದ ಸೇತುವೆ ನೀರಿನಡಿ ಹೋಯಿತು, ನೀರು ನಿಂತ ಹೊಲದಲ್ಲಿ ತೊಗರಿ ಒಣಗಿತು.

ಬಾರದ ಮೋಡವನ್ನು ಕರೆತರಲಾಗದು. ಆದರೆ ಬಂದದ್ದನ್ನು ಸ್ವಲ್ಪ ಹಿಂಡಿಕೊಳ್ಳಬಹುದೇ? ಇದನ್ನು ಪರೀಕ್ಷಿಸಿದ ಜಾಗ ದೂರದ್ದಲ್ಲ, ಶಹಾಬಾದದಿಂದ ಇದೇ ರೈಲು ಮಾರ್ಗದಲ್ಲಿರುವ ಸೊಲ್ಲಾಪುರ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರಲ್ಲಿ ಅಲ್ಲಿನ ಕೆಲವು ಮೋಡಗಳ ಬುಡಕ್ಕೆ ವಿಮಾನದಿಂದ ಕ್ಯಾಲ್ಸಿಯಂ ಕ್ಲೋರೈಡ್ ಉಗುಳಿಸಿತು, ಹೋಲಿಕೆಗೆಂದು ಕೆಲವನ್ನು ಮುಟ್ಟದೆ ಬಿಟ್ಟಿತು. ಆ ಉಪ್ಪು ನೀರು ಹೀರಿ ಬೇಗ ದೊಡ್ಡ ಹನಿಯಾಗುತ್ತದೆ, ಡಿಕ್ಕಿ ಶುರುವಾಗುತ್ತದೆ. ಗಾಳಿ ಬೀಸುವ ಕಡೆಯ ನೂರು ಚದರ ಕಿಲೋಮೀಟರಿನಲ್ಲಿ ಮಳೆ ಸರಾಸರಿ ಶೇಕಡ 18ರಷ್ಟು ಹೆಚ್ಚಿತ್ತು. ಹತ್ತು ಮಿಲಿಮೀಟರ್ ಬೀಳುವ ಕಡೆ ಹನ್ನೆರಡರ ಹತ್ತಿರ. ಬರಕ್ಕೆ ಮದ್ದಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ.

ನಮ್ಮ ಸರ್ಕಾರ ಅದಕ್ಕೂ ಮುಂಚೆ ‘ವರ್ಷಧಾರೆ’ ಹೆಸರಿನಲ್ಲಿ ಮೋಡ ಬಿತ್ತನೆಗೆ ಇಳಿದಿತ್ತು, ಬೆಂಗಳೂರು, ಗದಗದ ಜೊತೆ ನಮ್ಮ ನೆರೆಯ ಸುರಪುರದಲ್ಲೂ ರೇಡಾರ್ ಕೂರಿಸಿತ್ತು. ಜಕ್ಕೂರಿನಲ್ಲಿ ಅದಕ್ಕೆ ಚಾಲನೆ ಸಿಕ್ಕಿದ್ದು 2017ರ ಆಗಸ್ಟ್ 21ರಂದು. ಮಿರಗಿಗೆ ಬಿತ್ತಿದ ಹೆಸರು, ಉದ್ದು ರಾಶಿಗೆ ಬರುವ ಹೊತ್ತು ಅದು.