ಆಟಕ್ಕೊಂದು ಲ್ಯಾಪ್‌ಟಾಪ್

ಮನೆ ಕಟ್ಟಿಸುವವನು ಮೊದಲು ತಳಪಾಯವನ್ನು ನೋಡುತ್ತಾನೆ. ಗೋಡೆಗೆ ಬಣ್ಣವನ್ನು ಮುಂದಿನ ವರ್ಷ ಬಳಿಸಿದರೂ ನಡೆಯುತ್ತದೆ. ತಳಪಾಯವನ್ನು ಮುಂದಿನ ವರ್ಷ ಹಾಕಿಸಲು ಬರುವುದಿಲ್ಲ. ಕಂಪ್ಯೂಟರ್ ಆಟಗಳಿಗೆಂದು ಲ್ಯಾಪ್‌ಟಾಪ್ ಕೊಳ್ಳುವವರಿಗೂ ಇದೇ ವಿವೇಕ ಬೇಕು. ಕಾಲೇಜಿನ ಹುಡುಗನೊಬ್ಬ ಕೂಡಿಟ್ಟ ಹಣಕ್ಕೆ ತಂದೆ ತಮ್ಮ ಸಂಬಳದಿಂದ ಇನ್ನಷ್ಟು ಸೇರಿಸಿ ಕೊಡಿಸುವ ವಸ್ತು ಅದು. “ಈಗ ಅಗ್ಗದ್ದನ್ನು ಒಯ್ಯಿರಿ, ಆಮೇಲೆ ಶಕ್ತಿ ಹೆಚ್ಚಿಸಿಕೊಳ್ಳಬಹುದು” ಎಂದು ಅಂಗಡಿಯಲ್ಲಿ ಹೇಳುವುದುಂಟು. ಆ ಮಾತಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಎರಡನ್ನೂ ಬೇರ್ಪಡಿಸಿ ನೋಡೋಣ.

ಮೇಜಿನ ಕಂಪ್ಯೂಟರಿನಲ್ಲಿ ಆಟದ ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡ್ ಪ್ರತ್ಯೇಕ ಹಲಗೆಯಾಗಿರುತ್ತದೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಬಹುದು. ಲ್ಯಾಪ್‌ಟಾಪಿನಲ್ಲಾದರೋ ಪ್ರೊಸೆಸರೂ ಗ್ರಾಫಿಕ್ಸ್ ಚಿಪ್ಪೂ ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಬೆಸುಗೆಯಾಗಿರುತ್ತವೆ. ಅಮೆರಿಕದ ಫ್ರೇಮ್‌ವರ್ಕ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ 16 ಅಂಗುಲದ ಲ್ಯಾಪ್‌ಟಾಪಿನಂತೆ ಗ್ರಾಫಿಕ್ಸ್ ಭಾಗವನ್ನು ಬದಲಿಸಬಹುದಾದ ಯಂತ್ರಗಳು ಅಪವಾದ ಮಾತ್ರ. ಕೊಂಡ ದಿನ ಬಂದ ಚಿಪ್ಪೇ ಆ ಯಂತ್ರದ ಆಯುಷ್ಯವಿಡೀ ಇರುತ್ತದೆ. ಆದ್ದರಿಂದ ಹಣದ ಹೆಚ್ಚಿನ ಪಾಲು ಅಲ್ಲಿಗೇ ಸಲ್ಲಬೇಕು.

ಹಾಗೆಂದು ಹೆಸರನ್ನಷ್ಟೇ ನೋಡಿ ಮೋಸಹೋಗಬಾರದು. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 4090 ಎಂಬ ಹೆಸರು ಮೇಜಿನ ಕಾರ್ಡಿಗೂ ಉಂಟು, 2023ರಲ್ಲಿ ಬಂದ ಲ್ಯಾಪ್‌ಟಾಪ್ ಚಿಪ್ಪಿಗೂ ಉಂಟು. ಮೊದಲನೆಯದು 450 ವ್ಯಾಟ್ ವಿದ್ಯುತ್ತನ್ನು ಬಳಸಬಲ್ಲದು; ಅದರ ಸ್ವಂತ ಮೆಮೊರಿ 24 ಜಿಬಿ. ಎರಡನೆಯದಕ್ಕೆ ನಿಗದಿಯಾದದ್ದು 80ರಿಂದ 150 ವ್ಯಾಟ್. ಮೆಮೊರಿ 16 ಜಿಬಿ. ಹೆಸರು ಒಂದೇ, ತ್ರಾಣ ಬೇರೆ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪಿಗಂತೂ 35ರಿಂದ 115 ವ್ಯಾಟ್‌ವರೆಗೆ ಅವಕಾಶವಿದೆ. ಹೀಗಾಗಿ ಒಂದೇ ಚಿಪ್ಪುಳ್ಳ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಓಡಬಹುದು, ಇನ್ನೊಂದು ಏದುಸಿರು ಬಿಡಬಹುದು.

ಇದಕ್ಕೆ ಕಾರಣ ಶಾಖ. ಚಿಪ್ಪು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ತೆಳ್ಳನೆಯ ಮೈಯಲ್ಲಿ ದೊಡ್ಡ ಫ್ಯಾನಿಗಾಗಲಿ ಲೋಹದ ತಗಡುಗಳಿಗಾಗಲಿ ಸ್ಥಳವಿಲ್ಲ. ಶಾಖ ಮಿತಿ ಮೀರಿದಾಗ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಕೋಣೆಯ ಗಾಳಿಯೇ ಕಾದಿರುವಾಗ ಈ ಕಷ್ಟ ಇನ್ನೂ ಹೆಚ್ಚು. ತುಸು ದಪ್ಪನೆಯ, ಗಾಳಿಯ ದಾರಿ ಅಗಲವಾಗಿರುವ ಯಂತ್ರ ಇಂಥಲ್ಲಿ ಜಾಣ ಆಯ್ಕೆ.

ಬ್ಯಾಟರಿಯ ಮೇಲೆ ಪೂರ್ಣ ವೇಗದ ಆಟವನ್ನು ನಿರೀಕ್ಷಿಸುವುದೂ ಸಲ್ಲದು. 100 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನಸಂಸ್ಥೆಯ ಅನುಮತಿ ಬೇಕಾದ್ದರಿಂದ ತಯಾರಕರು ಸಾಮಾನ್ಯವಾಗಿ ಆ ಮಿತಿಯೊಳಗೇ ನಿಲ್ಲುತ್ತಾರೆ. 150 ವ್ಯಾಟ್ ಬೇಡುವ ಚಿಪ್ಪೊಂದೇ ಅಷ್ಟನ್ನು ನಲವತ್ತು ನಿಮಿಷದಲ್ಲಿ ಬರಿದುಮಾಡೀತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು, ಚಾರ್ಜರ್ ಕಿತ್ತೊಡನೆ ಯಂತ್ರ ಚಿಪ್ಪಿನ ಪಾಲನ್ನು ಕಡಿಮೆಮಾಡುತ್ತದೆ.

ಪರದೆಯನ್ನೂ ಚಿಪ್ಪಿಗೆ ತಕ್ಕಂತೆ ಆರಿಸಬೇಕು. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿರುತ್ತವೆ. 3840×2160ರಲ್ಲಿ ಅದರ ನಾಲ್ಕು ಪಟ್ಟು. ಸಾಧಾರಣ ಚಿಪ್ಪಿಗೆ ಅಂಥ ಪರದೆ ಹೊರಲಾರದ ಹೊರೆ. 60 ಹರ್ಟ್ಸ್ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ, 144 ಹರ್ಟ್ಸ್ ಪರದೆ 7 ಮಿಲಿಸೆಕೆಂಡಿನೊಳಗೆ ಬದಲಿಸುತ್ತದೆ. ವೇಗದ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಇನ್ನು ನಿಜವಾದ ಅರ್ಧ. ಹಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳನ್ನು ಆಮೇಲೆ ಹೆಚ್ಚಿಸಬಹುದು. ಆದರೆ ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮ್ ಕೂಡ ಬೆಸುಗೆಯಾಗಿರುತ್ತದೆ, ಕೇಳಿಯೇ ಕೊಳ್ಳಬೇಕು. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಆಟಕ್ಕೆ ಬಹುಪಾಲು ಮೇಲು. ಮಾಹಿತಿ ಎರಡು ದಾರಿಗಳಲ್ಲಿ ಒಟ್ಟಿಗೆ ಹರಿಯುತ್ತದೆ. ಎಸ್‌ಎಸ್‌ಡಿ ದೊಡ್ಡದಾದರೆ ಹೆಚ್ಚು ಆಟಗಳು ಹಿಡಿಸುತ್ತವೆ. ಚಿತ್ರದ ಓಟವನ್ನು ಮಾತ್ರ ಅದು ಅಷ್ಟಾಗಿ ಹೆಚ್ಚಿಸದು.

ಪರಿಕರಗಳ ಸರದಿ ಕೊನೆಯದು. ಕೈಗೆ ಒಗ್ಗುವ ಮೌಸ್ ಮೊದಲು, ಕಿವಿಯನ್ನು ನೋಯಿಸದ ಹೆಡ್‌ಫೋನ್ ಆಮೇಲೆ. ಯಂತ್ರದ ಹಿಂಬದಿಯನ್ನು ತುಸು ಎತ್ತಿ ಗಾಳಿಯಾಡಿಸುವ ಸಾದಾ ಸ್ಟ್ಯಾಂಡ್ ಉಪಕಾರಿ. ಫ್ಯಾನಿನಲ್ಲಿ ಕಟ್ಟಿದ ಧೂಳನ್ನು ಆಗಾಗ ತೆಗೆಸುವುದು ಅದಕ್ಕಿಂತ ಉಪಕಾರಿ. ಚಿಪ್ಪಿನಲ್ಲಿ ಜಿಪುಣತನ ಮಾಡಿ ಬಣ್ಣದ ದೀಪಗಳ ಕೀಬೋರ್ಡ್ ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಹಣ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಈ ಚಿಪ್ಪಿಗೆ ಎಷ್ಟು ವ್ಯಾಟ್? ರ‍್ಯಾಮ್ ಬದಲಿಸಬಹುದೇ? ಮುಚ್ಚಳ ತೆರೆದರೆ ವಾರಂಟಿ ಉಳಿಯುತ್ತದೆಯೇ? ಮೂರಕ್ಕೂ ಸ್ಪಷ್ಟ ಉತ್ತರ ದೊರೆಯುವವರೆಗೆ ಹಣ ನಿಮ್ಮ ಜೇಬಿನಲ್ಲೇ ಇರಲಿ.