ಯೂರಿಯಾ ಸುರಿದರೆ ಸೊಪ್ಪು, ಗೆಡ್ಡೆ ಎಲ್ಲಿ?

ಹಾಸನ ಸೀಮೆಯಲ್ಲಿ ಮುಂಗಾರು ನಂಬಿ ಆಲೂಗೆಡ್ಡೆ ಹಾಕುವವರಿಗೆ ಬಿತ್ತನೆಯದೇ ದೊಡ್ಡ ಖರ್ಚು. ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರುವ ಮಾಲು. ಅದನ್ನು ಉಳಿಸಲು ಹೋಗಿ ಅಂತರ ಹಿಗ್ಗಿಸಿದರೆ ನೆಲ ದಂಡ. ಒತ್ತೊತ್ತಾಗಿಟ್ಟರೆ ಇರುವಷ್ಟು ತೇವಕ್ಕೇ ಗಿಡಗಳ ಪೈಪೋಟಿ, ಗೆಡ್ಡೆ ಗೋಲಿ ಗಾತ್ರ. ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಎಂಟಂಗುಲ. ಎಕರೆಗೆ ಸುಮಾರು 33 ಸಾವಿರ ಗಿಡ ಕೂರುತ್ತವೆ.

ಗೊಬ್ಬರಕ್ಕೂ ಲೆಕ್ಕವುಂಟು. ರಂಜಕ, ಪೊಟ್ಯಾಷ್ ಪೂರ್ತಿ ಬಿತ್ತನೆಯಲ್ಲೇ. ಯೂರಿಯಾ ಅರ್ಧ ಆಗ, ಇನ್ನರ್ಧ ತಿಂಗಳಾದ ಮೇಲೆ ಮಣ್ಣೇರಿಸುವಾಗ. ಅದೂ ನೆಲ ಹಸಿಯಿದ್ದರೆ ಮಾತ್ರ. ಹೆಚ್ಚಾಗಿ ಸುರಿದರೆ ಸೊಪ್ಪು ಹುಲುಸು, ಗೆಡ್ಡೆ ತಡ. ದಟ್ಟ ಸೊಪ್ಪಿನೊಳಗೆ ಪಸೆ ನಿಂತರೆ ಅಂಗಮಾರಿಗೆ ಹಬ್ಬ.

ಬೆಳೆ ಕೈಕೊಟ್ಟರೆ ಪೇಟೆಯ ಉದ್ರಿ ಪುಸ್ತಕವೂ ಚುಕ್ತಾ ಆಗದು. ಗೊಬ್ಬರದಂಗಡಿಯವರು ‘ಇನ್ನೊಂದು ಮೂಟೆ ತಗೊಂಡ್ಹೋಗಿ ಗೌಡ್ರೇ’ ಅನ್ನುವ ಮೊದಲು ‘ಮಳೆ ಆಯ್ತಾ?’ ಅಂತ ಕೇಳಿದರೆ ಇಬ್ಬರಿಗೂ ಲಾಭ.