ಗಾಲ್ವೆಯಲ್ಲಿ ಅಸುನೀಗಿದ ಬೆಳಗಾವಿಯ ಮಗಳು

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆ ಆಸ್ಪತ್ರೆಯಲ್ಲಿ ನಿಧನರಾದರು. 17 ವಾರಗಳ ಗರ್ಭ ಉಳಿಯದೆಂದು ತಿಳಿದ ಮೇಲೆ ಗರ್ಭಪಾತಕ್ಕಾಗಿ ಬೇಡಿಕೊಂಡರು. ಭ್ರೂಣದ ಹೃದಯ ಮಿಡಿಯುತ್ತಿರುವಾಗ ಕಾನೂನು ಒಪ್ಪದೆಂಬ ಉತ್ತರ ಬಂದಿತು. ನಂಜು ರಕ್ತಕ್ಕೇರಿತು. ಇದು ಕಥೋಲಿಕ ದೇಶವೆಂದು ಆಕೆಗೆ ಹೇಳಿದ್ದುಂಟೆಂದು ಶುಶ್ರೂಷಕಿಯೊಬ್ಬರು 2013ರ ಮರಣ ವಿಚಾರಣೆಯಲ್ಲಿ ಒಪ್ಪಿದರು. ಕಥೋಲಿಕರಾದ ನಮ್ಮನ್ನು ಆ ಮಾತು ಇಂದಿಗೂ ಚುಚ್ಚುತ್ತದೆ.

2018ರ ಜನಮತದ ಬಳಿಕ ಬಂದ ಐರಿಷ್ ಕಾನೂನಿನಂತೆ, ಮನಸ್ಸಾಕ್ಷಿ ಒಪ್ಪದ ವೈದ್ಯರು ಹಿಂದೆ ಸರಿಯಬಹುದು; ಆದರೆ ರೋಗಿಯನ್ನು ಬೇರೊಬ್ಬರಿಗೆ ಒಪ್ಪಿಸಲೇಬೇಕು. ತಾಯಿಯ ಜೀವಕ್ಕೆ ತುರ್ತು ಅಪಾಯವಿದ್ದರೆ ಆ ವಿನಾಯಿತಿಯೂ ಇಲ್ಲ.

ಬೇರೊಬ್ಬರೆಂದರೆ ಯಾರು? ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ತಾಲ್ಲೂಕು ಆಸ್ಪತ್ರೆ ಕೈಬಿಟ್ಟ ಬಡ ಗರ್ಭಿಣಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯವರೆಗೂ ಬರಬೇಕಾದೀತು.